ಸಂಖ್ಯೆಯ ಜಾಡು ಹಿಡಿದು: ಕೂಪರ್ ಹ್ಯೂಯಿಟ್ ವಿನ್ಯಾಸ ಮ್ಯೂಸಿಯಂನ ಒಂದು ಪ್ರಕರಣ ಅಧ್ಯಯನ

2011ರಲ್ಲಿ ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್ ವಿನ್ಯಾಸ ಮ್ಯೂಸಿಯಂ ದೊಡ್ಡ ದುರಸ್ತಿಗೆಂದು ಬಾಗಿಲು ಹಾಕಿತು. ಮತ್ತೆ ತೆರೆದದ್ದು 2014ರ ಡಿಸೆಂಬರ್ 12ಕ್ಕೆ. ಅಷ್ಟು ಕಾಲ ಅದರ ಬಳಿ ಎರಡು ಲಕ್ಷಕ್ಕೂ ಮಿಕ್ಕಿ ವಸ್ತುಗಳಿದ್ದವು, ಅದರ ಮನೆಯಲ್ಲಿ ಜನರಿಗೆ ತೋರಿಸಲು ಒಂದು ಕೋಣೆಯೂ ತೆರೆದಿರಲಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನ ಮ್ಯೂಸಿಯಂಗಳು ಮಾಡುವುದು ಒಂದೇ ಕೆಲಸ: ದಾಖಲೆಗಳನ್ನೆಲ್ಲ ತಿದ್ದಿ ತೀಡಿ, ಉದ್ಘಾಟನೆಯ ದಿನ ಹೊಸ ಜಾಲತಾಣ ಬಿಡುವುದು. ಕೂಪರ್ ಹ್ಯೂಯಿಟ್ ಹಾಗೆ ಮಾಡಲಿಲ್ಲ. ಬಾಗಿಲು ಹಾಕಿದ ಮರುವರ್ಷವೇ, 2012ರ ಫೆಬ್ರವರಿಯಲ್ಲಿ, ಇನ್ನೂ ಹಸಿಹಸಿಯಾಗಿದ್ದ ತನ್ನ ಕ್ಯಾಟಲಾಗನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಲಿ ಎಂದು ಅಂತರ್ಜಾಲದಲ್ಲಿ ಇಟ್ಟುಬಿಟ್ಟಿತು.

ಆ ನಿರ್ಧಾರ, ಅದಕ್ಕೆ ಮೊದಲು ಒಂದು ಶತಮಾನ ಸಂಗ್ರಹ ಬೆಳೆದ ರೀತಿ, ಆಮೇಲೆ ಅದರ ಮೇಲೆ ಕಟ್ಟಿದ ಉಪಕರಣಗಳು, ಈ ಮೂರನ್ನೂ ಇಲ್ಲಿ ಒಟ್ಟಿಗೆ ನೋಡಬೇಕು. ಮೂರಕ್ಕೂ ನಡುವೆ ಓಡುವ ದಾರವೆಂದರೆ ವಸ್ತುವಿನ ಮೇಲೆ ಬರೆದ ಸಂಖ್ಯೆ. ನೋಡಲು ಗುಮಾಸ್ತಿಕೆ ಅನ್ನಿಸುತ್ತದೆ. ಎಲ್ಲ ಗೆಲುವು, ಎಲ್ಲ ತೊಡಕು ಅಲ್ಲಿಂದಲೇ ಹುಟ್ಟಿದವು.

ಮುಟ್ಟಿ ನೋಡಲೆಂದು ಕೂಡಿಹಾಕಿದ್ದು

ಪೀಟರ್ ಕೂಪರ್ ಎಂಬ ಉದ್ಯಮಿ 1859ರಲ್ಲಿ ನ್ಯೂಯಾರ್ಕಿನಲ್ಲಿ ದುಡಿಯುವ ಜನರಿಗಾಗಿ ಕೂಪರ್ ಯೂನಿಯನ್ ಎಂಬ ಉಚಿತ ವಿದ್ಯಾಸಂಸ್ಥೆ ಕಟ್ಟಿದ್ದ. ಅವನ ಮೊಮ್ಮಕ್ಕಳು ಸಾರಾ ಮತ್ತು ಎಲಿನರ್ ಹ್ಯೂಯಿಟ್ 1897ರಲ್ಲಿ ಅದರೊಳಗೇ ಅಲಂಕಾರ ಕಲೆಗಳ ಮ್ಯೂಸಿಯಂ ಒಂದನ್ನು ತೆರೆದರು. ಪ್ಯಾರಿಸ್ಸಿನ ಅಲಂಕಾರ ಕಲಾ ಮ್ಯೂಸಿಯಂ ಅವರಿಗೆ ಮಾದರಿ. ಬಡಗಿ, ನೇಕಾರ, ಗೋಡೆಕಾಗದ ಅಚ್ಚು ಹಾಕುವವ, ಚಿತ್ರಕಲೆ ಕಲಿಯುವ ಹುಡುಗಿ, ಯಾರೇ ಬಂದರೂ ವಸ್ತುವಿನ ಹತ್ತಿರ ಕೂತು ನಕಲು ಮಾಡಿಕೊಳ್ಳಬೇಕು, ಅಳತೆ ತೆಗೆದುಕೊಳ್ಳಬೇಕು ಎಂಬುದು ಅಕ್ಕತಂಗಿಯರ ಲೆಕ್ಕ. ಅವರ ಬಾಯಲ್ಲಿ ಅದು ಕೆಲಸ ಮಾಡುವ ಪ್ರಯೋಗಶಾಲೆ.

ಹಾಗಾಗಿ ಅವರು ಕೂಡಿಸಿದ್ದರಲ್ಲಿ ಶ್ರೇಷ್ಠ ಕೃತಿಗಳಿಗಿಂತ ಉಪಯೋಗದ ಮಾದರಿಗಳೇ ಹೆಚ್ಚು. ಬಟ್ಟೆಯ ತುಂಡು, ಕಸೂತಿಯ ಅಂಚು, ಗುಂಡಿ, ಬೀಗದ ಫಲಕ, ಗೋಡೆಕಾಗದದ ಚೂರು, ಕಟ್ಟಡದ ಅಲಂಕಾರಕ್ಕೆ ಬರೆದ ಕರಡು. 1901ರಲ್ಲಿ ರೋಮ್‌ನ ಬೋರ್ಗೀಸ್ ಗ್ಯಾಲರಿಯ ಕ್ಯುರೇಟರ್ (ಸಂಗ್ರಹದ ಮೇಲ್ವಿಚಾರಕ) ಆಗಿದ್ದ ಜೊವಾನ್ನಿ ಪಿಯಾಂಕಾಸ್ಟೆಲ್ಲಿ ಕೂಡಿಸಿದ್ದ ಇಟಲಿಯ ರೇಖಾಚಿತ್ರಗಳ ದೊಡ್ಡ ಕಟ್ಟೊಂದು ಬಂತು. ಮರುವರ್ಷ ಬ್ಯಾಂಕರ್ ಜೆ. ಪಿಯರ್‌ಪಾಂಟ್ ಮೋರ್ಗನ್ ಯುರೋಪಿನ ಹಳೆಯ ಜವಳಿ ಸಂಗ್ರಹಗಳನ್ನು ಕೊಂಡು ಕೊಟ್ಟ. ಬಾರ್ಸಿಲೋನಾದ ಬಾಡಿಯಾ ಸಂಗ್ರಹ ಅದರಲ್ಲಿ ಒಂದು. 1917ರಲ್ಲಿ ನಿಸರ್ಗಚಿತ್ರಕಾರ ಫ್ರೆಡ್ರಿಕ್ ಚರ್ಚ್‌ನ 2,000ಕ್ಕೂ ಹೆಚ್ಚು ಸ್ಕೆಚ್‌ಗಳನ್ನು ಅವನ ಮಗ ಕೊಟ್ಟ. ನಿಸರ್ಗಚಿತ್ರಕ್ಕೂ ವಿನ್ಯಾಸಕ್ಕೂ ಏನು ನಂಟು ಎಂದು ಕೇಳಬಹುದು. ಮುಗಿದ ಚಿತ್ರ ಬೇರೆಯವರ ಗೋಡೆಯಲ್ಲಿರಲಿ, ಅದಕ್ಕೆ ದಾರಿಯಾದ ಕರಡು ನಮಗಿರಲಿ ಎಂಬುದು ಆ ಮನೆಯ ರುಚಿ. ಕೆಲಸ ಹೇಗಾಯಿತು ಎಂದು ತೋರಿಸುವ ಕಾಗದಕ್ಕೆ ಅಲ್ಲಿ ಯಾವತ್ತೂ ಬೆಲೆ ಹೆಚ್ಚು.

ಹೀಗೆ ಬಂದ ಪ್ರತಿಯೊಂದಕ್ಕೂ ಮೂರು ತುಂಡಿನ ಸಂಖ್ಯೆ ಬೀಳುತ್ತದೆ. ಮೋರ್ಗನ್ ಕೊಟ್ಟ ಜವಳಿಯ ಸಂಖ್ಯೆ 1902-1 ಎಂದು ಶುರುವಾಗುತ್ತದೆ: ಮೊದಲದ್ದು ಬಂದ ವರ್ಷ, ಎರಡನೆಯದು ಆ ವರ್ಷ ಬಂದ ಎಷ್ಟನೇ ಕಂತು, ಅದರ ಮುಂದೆ ಬರುವುದು ಆ ಕಂತಿನಲ್ಲಿ ಎಷ್ಟನೇ ವಸ್ತು. ಮುಚ್ಚಳವಿರುವ ಟೀಪಾಟಾದರೆ ಕೊನೆಗೆ ಎರಡು ಅಕ್ಷರ ಸೇರುತ್ತವೆ, ಪಾತ್ರೆಗೊಂದು, ಮುಚ್ಚಳಕ್ಕೊಂದು. ಅಕ್ಷರ ಹಾಕದೆ ಬಿಟ್ಟರೆ ಇಪ್ಪತ್ತು ವರ್ಷದ ಮೇಲೆ ಉಗ್ರಾಣದ ಇನ್ನೊಂದು ಮೂಲೆಯಲ್ಲಿ ಅನಾಥ ಮುಚ್ಚಳವೊಂದು ಸಿಗುತ್ತದೆ, ಅದು ಯಾವ ಪಾತ್ರೆಯದೆಂದು ಹೇಳುವವರು ಯಾರೂ ಉಳಿದಿರುವುದಿಲ್ಲ.

ಈ ಪದ್ಧತಿ ಸರಳ, ಗಟ್ಟಿ. ಆದರೆ ಅದು ಹೇಳುವುದು ವಸ್ತು ಮ್ಯೂಸಿಯಂಗೆ ಬಂದ ಕಥೆಯನ್ನು, ವಸ್ತುವಿನ ಕಥೆಯನ್ನಲ್ಲ. ಪಿಯಾಂಕಾಸ್ಟೆಲ್ಲಿಯ ಉಳಿದ ರೇಖಾಚಿತ್ರಗಳು ಬೇರೊಂದು ಕುಟುಂಬದ ಕೈ ದಾಟಿ 1938ರಲ್ಲಿ ಅದೇ ಮ್ಯೂಸಿಯಂ ಸೇರಿದವು. ಒಬ್ಬನೇ ಸಂಗ್ರಾಹಕನ ಒಂದೇ ಕಟ್ಟು. ಅರ್ಧದ ಸಂಖ್ಯೆ 1901-39, ಇನ್ನರ್ಧದ್ದು 1938-88. ಒಂದೇ ಕಲಾವಿದನ, ಬಹುಶಃ ಒಂದೇ ಕೆಲಸಕ್ಕೆ ಬರೆದ ಹಾಳೆಗಳು ಎರಡು ಸರಣಿಗೆ ಹಂಚಿಹೋಗಬಹುದು. ಕ್ಯುರೇಟರ್‌ಗೆ ಗೊತ್ತಿರುತ್ತದೆ; ಪಟ್ಟಿಗೆ ಗೊತ್ತಿರುವುದಿಲ್ಲ.

1963ರಲ್ಲಿ ಕೂಪರ್ ಯೂನಿಯನ್ ಈ ಮ್ಯೂಸಿಯಂ ಮುಚ್ಚುವುದಾಗಿ ಹೇಳಿದಾಗ ಊರಿನವರು ಸಮಿತಿ ಕಟ್ಟಿ ಹೋರಾಡಿದರು. 1967ರ ಒಪ್ಪಂದದಂತೆ ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ಅದನ್ನು ವಹಿಸಿಕೊಂಡಿತು. 1976ರಲ್ಲಿ ಉಕ್ಕಿನ ಕುಳ ಆಂಡ್ರ್ಯೂ ಕಾರ್ನೆಗಿಯ 64 ಕೋಣೆಯ ಮನೆಯಲ್ಲಿ ಬಾಗಿಲು ತೆರೆಯಿತು. ಒಡೆಯ ಬದಲಾದ, ಮನೆ ಬದಲಾಯಿತು, ಹೆಸರೂ ಬದಲಾಯಿತು. ಸಂಖ್ಯೆಗಳು ಮಾತ್ರ ಹಾಗೇ ಉಳಿದವು. ಮ್ಯೂಸಿಯಂ ಸ್ಥಳಾಂತರದ ಮೊದಲ ಸೂತ್ರವೇ ಅದು: ಹೊಸ ಜಾಗಕ್ಕೆ ಹೋದೆವೆಂದು ಹೊಸ ಸಂಖ್ಯೆ ಹಾಕಕೂಡದು.

ಒಳಗೆ ಬರುವ ದಾರಿ

ವಸ್ತು ಸಂಗ್ರಹಕ್ಕೆ ಸೇರುವ ಕ್ರಮ ಬಹುತೇಕ ಎಲ್ಲ ದೊಡ್ಡ ಮ್ಯೂಸಿಯಂಗಳಲ್ಲೂ ಒಂದೇ ತೆರನದು. ಕ್ಯುರೇಟರ್ ಒಂದು ಟಿಪ್ಪಣಿ ಬರೆಯುತ್ತಾರೆ: ಇದು ಏನು, ಯಾಕೆ ಬೇಕು, ನಮ್ಮಲ್ಲಿ ಈಗಾಗಲೇ ಇಂಥದ್ದು ಎಷ್ಟಿದೆ, ಇಡಲು ಎಷ್ಟು ಜಾಗ, ಉಳಿಸಲು ಎಷ್ಟು ಖರ್ಚು, ಮೊದಲು ಯಾರ ಬಳಿ ಇತ್ತು. ಸಮಿತಿ ಒಪ್ಪಬೇಕು. ಒಪ್ಪಿದ ಮೇಲೆ ದಾನಪತ್ರಕ್ಕೆ ಸಹಿ. ದಾನಪತ್ರದಲ್ಲಿ ವಸ್ತುವಿನ ಒಡೆತನ ಒಂದು ಕಲಂ, ಅದರ ಚಿತ್ರ ಬಳಸುವ ಹಕ್ಕು ಇನ್ನೊಂದು. ಹಿಂದಿನವರು ಎರಡನೆಯದನ್ನು ಬರೆಸಿಕೊಂಡಿರುವುದಿಲ್ಲ. ಕುರ್ಚಿ ನಮ್ಮದು, ಕುರ್ಚಿಯ ಫೋಟೋ ಹಾಕಲು ವಿನ್ಯಾಸಕರ ವಾರಸುದಾರರನ್ನು ಹುಡುಕಬೇಕು ಎಂಬ ಪಾಡು ಬರುವುದು ಅಲ್ಲಿಂದ.

ಜವಳಿ ಬಂದರೆ ನೇರ ಉಗ್ರಾಣಕ್ಕೆ ಬಿಡುವುದಿಲ್ಲ. ನುಸಿ, ಬಟ್ಟೆ ತಿನ್ನುವ ಪತಂಗದ ಮೊಟ್ಟೆ, ಉಣ್ಣೆ ತಿನ್ನುವ ಜೀರುಂಡೆಯ ಮರಿಹುಳ ಒಂದು ಒಳಗೆ ಹೋದರೆ ಸಾಲು ಸಾಲು ಕಪಾಟು ಹಾಳು. ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ, ಇಲ್ಲವೇ ಮೈನಸ್ 30ರಲ್ಲಿ ಕೆಲವು ದಿನ ಇಡುತ್ತಾರೆ. ಹೊರತೆಗೆದ ಕೂಡಲೇ ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ನೀರಹನಿ ಕೂರುತ್ತದೆ. ಒಂದು ದಿನ ಸುತ್ತಿಟ್ಟೇ ಕೋಣೆಯ ಬಿಸಿಗೆ ಬರಲು ಬಿಡಬೇಕು. ಆಮೇಲೆ ಆಮ್ಲರಹಿತ ರಟ್ಟಿನ ಕೊಳವೆಗೆ ಸುರುಳಿ ಸುತ್ತಿಡುತ್ತಾರೆ. ಮಡಿಸಿಟ್ಟರೆ ಮಡಿಕೆಯ ಗೆರೆಯಲ್ಲೇ ನೂಲು ಕಡಿಯುತ್ತದೆ, ಅಜ್ಜಿಯ ಪೆಟ್ಟಿಗೆಯ ರೇಷ್ಮೆ ಸೀರೆ ಬಿಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರದರ್ಶನಕ್ಕೆ ಇಟ್ಟಾಗ ಬೆಳಕು 50 ಲಕ್ಸ್ ಮೀರಬಾರದು, ಅದೂ ಕೆಲವೇ ತಿಂಗಳು.

ಸಂಖ್ಯೆ ಬರೆಯುವುದಕ್ಕೂ ಒಂದು ಶಿಸ್ತು ಇದೆ. ಬಟ್ಟೆಗಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು, ಆ ಪಟ್ಟಿಯನ್ನು ಅಂಚಿನಲ್ಲಿ ಎರಡು ಹೊಲಿಗೆ ಹಾಕಿ ಕೂರಿಸುತ್ತಾರೆ. ಕಾಗದಕ್ಕೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್. ಪಿಂಗಾಣಿ, ಗಾಜು, ಲೋಹಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿ ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ತೆಳುಪದರ, ಅದರ ಮೇಲೆ ಶಾಯಿಯಲ್ಲಿ ಅಂಕಿ, ಮತ್ತೆ ಮೇಲೊಂದು ಪದರ. ಬೇಡವಾದರೆ ಅಸಿಟೋನ್‌ನಲ್ಲಿ ಒರೆಸಿ ತೆಗೆಯಬಹುದು. ಅಂಟುಚೀಟಿ ಮಾತ್ರ ಕೂಡದು: ಅಂಟು ಒಣಗಿ ಚೀಟಿ ಉದುರುತ್ತದೆ, ಕಲೆ ಉಳಿಯುತ್ತದೆ.

ವಿನ್ಯಾಸ ಮ್ಯೂಸಿಯಂಗೇ ಅಂಟಿಕೊಂಡ ತಲೆನೋವು ಪ್ಲಾಸ್ಟಿಕ್ಕು. ಹಳೆಯ ಸೆಲ್ಯುಲಾಯ್ಡ್ ಬಾಚಣಿಗೆ ಹಳಸುತ್ತಾ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಲೋಹದ ವಸ್ತುವನ್ನೂ ತಿನ್ನುತ್ತದೆ. 1960ರ ದಶಕದ ಪಾಲಿಯುರೆಥೇನ್ ಫೋಮ್ ಕುರ್ಚಿ ಒಳಗಿಂದ ಪುಡಿಪುಡಿಯಾಗುತ್ತದೆ. ಪಿವಿಸಿ ಬೆವರುತ್ತದೆ, ಮುಟ್ಟಿದರೆ ಜಿಗುಟು. 300 ವರ್ಷದ ರೇಷ್ಮೆಯನ್ನು ಉಳಿಸುವ ದಾರಿ ಗೊತ್ತಿದೆ, 50 ವರ್ಷದ ಫೋಮ್ ಅನ್ನು ಉಳಿಸುವುದು ಎಂದರೆ ಸಾಯುವುದನ್ನು ನಿಧಾನ ಮಾಡುವುದು ಅಷ್ಟೇ. ಆ ಕಾರಣಕ್ಕೇ ಇಂಥ ವಸ್ತುಗಳಿಗೆ ಒಳ್ಳೆಯ ಫೋಟೋ ತೆಗೆದಿಡುವುದು ಪ್ರಚಾರದ ಕೆಲಸವಾಗಿ ಉಳಿಯದೆ ಸಂರಕ್ಷಣೆಯದೇ ಭಾಗವಾಗುತ್ತದೆ.

ಕೂಪರ್ ಹ್ಯೂಯಿಟ್‌ನಲ್ಲಿ ಆಗ ಇದ್ದದ್ದು ನಾಲ್ಕು ವಿಭಾಗ: ರೇಖಾಚಿತ್ರ, ಮುದ್ರಣ ಮತ್ತು ಗ್ರಾಫಿಕ್ ವಿನ್ಯಾಸ; ಉತ್ಪನ್ನ ವಿನ್ಯಾಸ ಮತ್ತು ಅಲಂಕಾರ ಕಲೆ; ಜವಳಿ; ಗೋಡೆಕಾಗದ. ಉಗ್ರಾಣಕ್ಕೆ ಇದು ಸರಿಯಾದ ವಿಂಗಡಣೆ, ಏಕೆಂದರೆ ಕಾಗದಕ್ಕೆ ಬೇಕಾದ ಕಪಾಟು ಬೇರೆ, ಬಟ್ಟೆಗೆ ಬೇರೆ. ಹುಡುಕುವವರಿಗೆ ಇದೇ ಗೋಡೆ. ಒಂದು ಹೂಬಳ್ಳಿಯ ನಮೂನೆಯ ಕರಡು ಮೊದಲ ವಿಭಾಗದಲ್ಲಿ, ಅದೇ ನಮೂನೆ ಅಚ್ಚಾದ ಕಾಗದ ನಾಲ್ಕನೆಯದರಲ್ಲಿ, ಅದಕ್ಕೆ ಹೊಂದುವ ಪರದೆ ಬಟ್ಟೆ ಮೂರನೆಯದರಲ್ಲಿ ಇದ್ದರೆ, ಮೂರೂ ನೂರು ವರ್ಷ ಒಂದೇ ಮ್ಯೂಸಿಯಂನಲ್ಲಿದ್ದು ಒಮ್ಮೆಯೂ ಮುಖಾಮುಖಿ ಆಗದೇ ಇರಬಹುದು.

ಹಸಿ ಪಟ್ಟಿಯನ್ನು ಹೊರಗಿಟ್ಟದ್ದು

2012ರ ಫೆಬ್ರವರಿಗೆ ಬರೋಣ. ಡಿಜಿಟಲ್ ವಿಭಾಗದ ಹೊಣೆ ಆಗ ಸೆಬ್ ಚಾನ್ ಅವರದ್ದು. ಮುಂದೆ ತಾಂತ್ರಿಕ ಕಟ್ಟಡದ ಬಹುಪಾಲನ್ನು ಅವರ ಜೊತೆ ಕಟ್ಟಿದವರು ಆರನ್ ಸ್ಟ್ರಾಪ್ ಕೋಪ್. ದಾಖಲಾದ ಸಂಗ್ರಹದ ಸುಮಾರು 60 ಪ್ರತಿಶತದಷ್ಟು ವಸ್ತುಗಳ ವಿವರವನ್ನು ಗಿಟ್‌ಹಬ್ ಎಂಬ ಕೋಡು ಹಂಚಿಕೊಳ್ಳುವ ತಾಣದಲ್ಲಿ ಹಾಕಿದರು. ಪರವಾನಗಿ ಸಿಸಿ ಝೀರೋ: ಹೆಸರು ಹೇಳಬೇಕೆಂಬ ಕಟ್ಟುಪಾಡೂ ಇಲ್ಲ, ವ್ಯಾಪಾರಕ್ಕೂ ಬಳಸಬಹುದು.

ಹೆಸರು ಹೇಳಿ ಬಳಸಿ ಎಂದಿದ್ದರೆ ಸಾಲದಿತ್ತೇ? ಒಂದು ಫೋಟೋ ಬಳಸುವವರಿಗೆ ಸಾಕು. ಹತ್ತು ಮ್ಯೂಸಿಯಂಗಳ ಪಟ್ಟಿ ಕಲಸಿ ಹೊಸ ನಕ್ಷೆ ಮಾಡುವವರಿಗೆ ಪ್ರತಿ ಸಾಲಿನ ಋಣವನ್ನೂ ಹೇಳುತ್ತಾ ಹೋಗುವುದು ಆಗದ ಮಾತು. ಅಲ್ಲದೆ ವರ್ಷ, ಅಳತೆ, ಮಾಧ್ಯಮದಂಥ ಬರಿಯ ಸಂಗತಿಗಳ ಮೇಲೆ ಅಮೆರಿಕದ ಕಾನೂನಿನಲ್ಲಿ ಹಕ್ಕುಸ್ವಾಮ್ಯವೇ ನಿಲ್ಲುವುದಿಲ್ಲ. ಇಲ್ಲದ ಹಕ್ಕನ್ನು ಇದೆ ಎಂದು ತೋರಿಸುವ ಬದಲು ಬಿಟ್ಟುಕೊಟ್ಟದ್ದೇ ಮರ್ಯಾದೆಯ ಕೆಲಸ. ಚಿತ್ರಗಳು ಆ ಕಂತಿನಲ್ಲಿ ಇರಲಿಲ್ಲ, ಕೊಟ್ಟದ್ದು ವಿವರ ಮಾತ್ರ.

ಇಂಥ ಪಟ್ಟಿ ತೆರೆದು ನೋಡಿದವರಿಗೆ ಮೊದಲು ಕಾಣುವುದು ಹೊಲಸು. ಕಾಲದ ಕಲಂನಲ್ಲಿ ಒಂದು ಕಡೆ ವರ್ಷ, ಇನ್ನೊಂದು ಕಡೆ 18ನೇ ಶತಮಾನದ ಕೊನೆ, ಮತ್ತೊಂದು ಕಡೆ ಸುಮಾರು 1910, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಇವನ್ನು ಕಂಪ್ಯೂಟರಿಗೆ ಅರ್ಥ ಮಾಡಿಸಲು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪು, ಮೂಲ ಮಾತನ್ನು ಅಳಿಸಿ ಅಂಕಿ ತುಂಬುವುದು. ಸುಮಾರು 1910 ಎಂಬುದು 1910 ಆದ ಕ್ಷಣ ಕ್ಯುರೇಟರ್‌ನ ಅನುಮಾನ ಕಳೆದುಹೋಯಿತು. ಕ್ಯುರೇಟರ್ ಬರೆದದ್ದನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಎರಡು ಹೊಸ ಕಲಂ ಹಾಕಬೇಕು, ಆರಂಭದ ವರ್ಷ ಮತ್ತು ಕೊನೆಯ ವರ್ಷ. ವಿಂಗಡಣೆಗೆ ಅಂಕಿ, ಓದುವವರಿಗೆ ಮಾತು. ದೇಶದ ಹೆಸರಿಗೂ ಇದೇ ಕ್ರಮ: ಬೊಹೀಮಿಯಾ ಎಂದು ಬರೆದದ್ದನ್ನು ಇಂದಿನ ಚೆಕ್ ದೇಶ ಎಂದು ತಿದ್ದಿದರೆ ನಕ್ಷೆ ಸರಿಯಾಗುತ್ತದೆ, ಚರಿತ್ರೆ ಕೆಡುತ್ತದೆ.

ವ್ಯಕ್ತಿಗಳದ್ದು ಇನ್ನೊಂದು ಬಗೆಯ ಕಷ್ಟ. ಒಬ್ಬನೇ ವಿನ್ಯಾಸಕನ ಹೆಸರು ಮೂರು ಕಾಗುಣಿತದಲ್ಲಿ ಇರುತ್ತದೆ. ಕೂಪರ್ ಹ್ಯೂಯಿಟ್ ಇದಕ್ಕೆ ಹಿಡಿದ ದಾರಿ ಜಾಣತನದ್ದು. ಪ್ರತಿ ವ್ಯಕ್ತಿಯ ಬಗ್ಗೆ ತಾನೇ ಜೀವನಚರಿತ್ರೆ ಬರೆಯುತ್ತಾ ಕೂರದೆ, ಇವನೇ ವಿಕಿಪೀಡಿಯದಲ್ಲಿ ಇಂಥವನು, ಗ್ರಂಥಾಲಯಗಳ ವಯಾಫ್ ಪಟ್ಟಿಯಲ್ಲಿ ಈ ಸಂಖ್ಯೆಯವನು, ಇನ್ನೊಂದು ಮ್ಯೂಸಿಯಂನಲ್ಲಿ ಈ ಸಂಖ್ಯೆಯವನು ಎಂದು ಜೋಡಿಪಟ್ಟಿ ಮಾಡಿತು. ಅದರಲ್ಲಿ ಫ್ರೀಬೇಸ್ ಎಂಬ ತಾಣದ ಸಂಖ್ಯೆಗಳೂ ಇದ್ದವು. ಗೂಗಲ್ 2016ರಲ್ಲಿ ಆ ತಾಣವನ್ನೇ ಮುಚ್ಚಿತು. ಒಂದೇ ಕಡೆ ಗಂಟು ಹಾಕಿದ್ದರೆ ಆ ದಿನವೇ ಎಲ್ಲ ಕೊಂಡಿಗಳೂ ಹರಿಯುತ್ತಿದ್ದವು. ನಾಲ್ಕು ಕಡೆ ಹಾಕಿದ್ದರಿಂದ ಒಂದು ಹೋದರೂ ಉಳಿದವು ಹಿಡಿದುಕೊಂಡವು.

ಅರ್ಥವಿಲ್ಲದ ಸಂಖ್ಯೆ ಯಾಕೆ ಬೇಕಾಯಿತು

2012ರಲ್ಲೇ ಸಂಗ್ರಹದ ಹೊಸ ತಾಣದ ಮೊದಲ ಆವೃತ್ತಿ ಬಂತು. ಪ್ರತಿ ವಸ್ತುವಿಗೆ ಒಂದು ಪುಟ, ಆ ಪುಟಕ್ಕೆ ಯಾವತ್ತೂ ಬದಲಾಗದ ಒಂದು ವಿಳಾಸ. ವಿಳಾಸಕ್ಕೆ ಹಳೆಯ ಮೂರು ತುಂಡಿನ ಸಂಖ್ಯೆಯನ್ನೇ ಬಳಸಬಹುದಿತ್ತಲ್ಲ?

ಬಳಸಬಾರದೆನ್ನಲು ಮೂರು ಕಾರಣ ಕೊಡಬಹುದು. ಹಳೆಯ ಸಂಖ್ಯೆಗಳಲ್ಲಿ ಅಲ್ಪವಿರಾಮ, ಓರೆಗೆರೆ, ಅಕ್ಷರ ಬೆರೆತಿರುತ್ತವೆ. ವೆಬ್ ವಿಳಾಸದಲ್ಲಿ ಇವು ಒಂದೊಂದು ಕಡೆ ಒಂದೊಂದು ರೂಪ ತಾಳುತ್ತವೆ. ಎರಡನೆಯದಾಗಿ, ತಪ್ಪು ಕಂಡಾಗ ಸಂಖ್ಯೆ ತಿದ್ದಬೇಕಾಗುತ್ತದೆ: ಒಂದೇ ವಸ್ತು ಎಂದುಕೊಂಡದ್ದು ಎರಡು ಎಂದು ತಿಳಿದರೆ, ಬೇರೆ ಕಂತಿನಲ್ಲಿ ಬಂದದ್ದೆಂದು ಹಳೆಯ ಪತ್ರ ಸಿಕ್ಕರೆ. ಮೂರನೆಯದೇ ದೊಡ್ಡದು: ಬೇರೆಯವರಿಂದ ಎರವಲು ತಂದ ವಸ್ತುವಿಗೆ ನಮ್ಮ ನೋಂದಣಿ ಸಂಖ್ಯೆಯೇ ಇರುವುದಿಲ್ಲ, ಆದರೆ ಪ್ರದರ್ಶನದಲ್ಲಿ ಅದೂ ಇರುತ್ತದೆ, ನೋಡುವವರಿಗೆ ಅದರ ಪುಟವೂ ಬೇಕು.

ಹಾಗಾಗಿ ಯಾವ ಅರ್ಥವೂ ಇಲ್ಲದ, ಬರಿದೇ ಒಂಟಿಯಾದ ಪೂರ್ಣಾಂಕವೊಂದನ್ನು ಪ್ರತಿ ವಸ್ತುವಿಗೂ ಕೊಟ್ಟರು. ಆ ಅಂಕಿಗಳು ಬಂದದ್ದು ಬ್ರೂಕ್ಲಿನ್ ಇಂಟಿಜರ್ಸ್ ಎಂಬ ಸೇವೆಯಿಂದ. ಬ್ರೂಕ್ಲಿನ್‌ನಲ್ಲಿ ಉಪ್ಪಿನಕಾಯಿಯಿಂದ ಸಾಬೂನಿನ ತನಕ ಎಲ್ಲವೂ ಕೈಯಲ್ಲಿ ಮಾಡಿದ್ದೆಂದು ಮಾರುವ ಕಾಲ ಅದು. ಅದನ್ನು ಅಣಕಿಸಿ ಕೋಪ್ ಕೈಮಗ್ಗದ ಅಂಕಿ ನೇಯುವ ಅಂಗಡಿ ತೆರೆದಿದ್ದರು. ತಮಾಷೆಯ ಕೆಳಗೆ ಕೆಲಸದ ಮಾತಿದೆ: ಒಮ್ಮೆ ಕೊಟ್ಟ ಅಂಕಿಯನ್ನು ಮತ್ತೆ ಯಾರಿಗೂ ಕೊಡುವುದಿಲ್ಲ ಎಂಬುದಷ್ಟೇ ಅದರ ಭರವಸೆ, ವಿಳಾಸಕ್ಕೆ ಬೇಕಾದದ್ದೂ ಅಷ್ಟೇ. ಹಳೆಯ ಸಂಖ್ಯೆಯನ್ನು ಎಸೆಯಲಿಲ್ಲ. ಅದು ವಸ್ತುವಿನ ಮೈಮೇಲೆ ಉಳಿಯಿತು, ಹೊಸದು ವಿಳಾಸಕ್ಕೆ ಬಂತು.

ಪುಟಗಳ ಬರವಣಿಗೆಯೂ ಗಮನಿಸಬೇಕಾದ್ದು. ಖಾಲಿ ಕಲಂಗಳ ಕೋಷ್ಟಕ ತೋರಿಸುವ ಬದಲು, ಇರುವಷ್ಟು ವಿವರವನ್ನು ಪುಟ್ಟ ವಾಕ್ಯಗಳಾಗಿ ತಂತಾನೆ ಕಟ್ಟುವ ಏರ್ಪಾಡು ಮಾಡಿದರು. ಇದು ಇಂಥ ವರ್ಷದ್ದು, ಇಂಥವರು ಕೊಟ್ಟದ್ದು, ಇಂಥ ವರ್ಷ ನಮಗೆ ಬಂತು, ಜವಳಿ ವಿಭಾಗದ್ದು. ವರ್ಷ ಗೊತ್ತಿಲ್ಲದಿದ್ದರೆ ಆ ವಾಕ್ಯವೇ ಬರುವುದಿಲ್ಲ. ಎರಡೇ ಸಾಲಿನ ಪುಟ ಬಡಪಾಯಿಯಂತೆ ಕಾಣುತ್ತದೆ, ಸುಳ್ಳಿನಂತೆ ಕಾಣುವುದಿಲ್ಲ.

ವಿಭಾಗಗಳ ನಡುವಿನ ಗೋಡೆ ಒಡೆದದ್ದು ಬಣ್ಣ. ಪ್ರತಿ ಫೋಟೋದಿಂದ ಐದು ಮುಖ್ಯ ಬಣ್ಣ ತೆಗೆದು, ಹತ್ತಿರದ ಹೆಸರುಳ್ಳ ಬಣ್ಣಕ್ಕೆ ಹೊಂದಿಸಿ, ಬಣ್ಣದ ಮೂಲಕ ಹುಡುಕುವ ದಾರಿಯನ್ನು 2013ರಲ್ಲಿ ತೆರೆದರು. ಇಟ್ಟಿಗೆ ಕೆಂಪು ಒತ್ತಿದರೆ ಪೋಸ್ಟರು, ವೆಲ್ವೆಟ್ಟು, ಹೂಜಿ, ಗೋಡೆಕಾಗದ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಈ ವಿದ್ಯೆಯ ಬಲಹೀನ ಜಾಗ ಫೋಟೋದ ಹಿನ್ನೆಲೆ. ಬೂದು ಕಾಗದದ ಮೇಲಿಟ್ಟು ತೆಗೆದ ಸಣ್ಣ ಉಂಗುರದಲ್ಲಿ ಯಂತ್ರಕ್ಕೆ ಮೊದಲು ಕಾಣುವುದು ಬೂದು. ಚೌಕಟ್ಟನ್ನು ವಸ್ತುವಿನ ಅಂಚಿಗೆ ಕತ್ತರಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧ ಬೆಳಕಿನದು: ಬೇರೆ ಬೇರೆ ದಶಕದಲ್ಲಿ ಬೇರೆ ಬೇರೆ ದೀಪದಡಿ ತೆಗೆದ ಹಳೆಯ ಫೋಟೋಗಳಲ್ಲಿ ಅದೇ ಬಿಳಿ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಅದಕ್ಕೆ ಮದ್ದು ಮತ್ತೆ ಫೋಟೋ ತೆಗೆಯುವುದೊಂದೇ.

ಎರಡು ಲಕ್ಷ ಫೋಟೋ

ತೆಗೆದರು. ಸ್ಮಿತ್‌ಸೋನಿಯನ್‌ನ ಡಿಜಿಟಲೀಕರಣ ಕಚೇರಿಯ ಜೊತೆ ಸೇರಿ ಸುಮಾರು 18 ತಿಂಗಳಲ್ಲಿ 2 ಲಕ್ಷದಷ್ಟು ವಸ್ತುಗಳ ಚಿತ್ರ ಮುಗಿಸಿದರು. ಲೆಕ್ಕ ಹಾಕಿ: ತಿಂಗಳಿಗೆ 11 ಸಾವಿರ, 22 ಕೆಲಸದ ದಿನ ಎಂದರೆ ದಿನಕ್ಕೆ 500, ಎಂಟು ಗಂಟೆಯ ಪಾಳಿಯಲ್ಲಿ ನಿಮಿಷಕ್ಕೊಂದರ ಮೇಲೆ. ಕ್ಯಾಮೆರಾಗೆ ಬೇಕಾದ್ದು ಒಂದು ಕ್ಷಣ. ಕಪಾಟಿನಿಂದ ತೆಗೆಯುವುದು, ಬಿಚ್ಚುವುದು, ಇಡುವುದು, ಮತ್ತೆ ಸುತ್ತುವುದು, ಅದೇ ಜಾಗಕ್ಕೆ ಮರಳಿಸುವುದು, ಹೊತ್ತು ಹೋಗುವುದು ಅಲ್ಲಿ.

ಆದ್ದರಿಂದ ಇಂಥ ಕೆಲಸದಲ್ಲಿ ಸಂಖ್ಯೆಯ ಕ್ರಮದಲ್ಲಿ ಹೋಗುವುದಿಲ್ಲ, ಆಕಾರದ ಕ್ರಮದಲ್ಲಿ ಹೋಗುತ್ತಾರೆ. ಚಪ್ಪಟೆ ಕಾಗದಕ್ಕೆ ಒಂದು ಮೇಜು, ಬಟ್ಟೆಗೆ ಇನ್ನೊಂದು, ಅಂಗೈಯಗಲದ ಘನವಸ್ತುಗಳಿಗೆ ಮತ್ತೊಂದು. ಒಮ್ಮೆ ದೀಪ ಹೊಂದಿಸಿದರೆ ಸಾವಿರ ವಸ್ತು ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿಯನ್ನು ಪಾಳಿಯ ಆರಂಭದಲ್ಲಿ, ದೀಪ ಅಲ್ಲಾಡಿದಾಗಲೆಲ್ಲ ಚಿತ್ರ ತೆಗೆದಿಡುತ್ತಾರೆ. ಪೆಟ್ಟಿಗೆಯ ಬಾರ್‌ಕೋಡ್ ಓದಿದ ಕೂಡಲೇ ಕಡತದ ಹೆಸರು ತಾನೇ ಬೀಳಬೇಕು. ಕೈಯಲ್ಲಿ ಟೈಪ್ ಮಾಡಿದ ಹೆಸರೇ ದೊಡ್ಡ ಅಪಾಯ: ಒಂದು ಅಂಕಿ ತಪ್ಪಿದರೆ ಒಳ್ಳೆಯ ಫೋಟೋ ಬೇರೆ ವಸ್ತುವಿನ ಪುಟದಲ್ಲಿ ಕೂರುತ್ತದೆ. ಮಸುಕಾದ ಫೋಟೋವನ್ನು ಯಾರಾದರೂ ಗುರುತಿಸುತ್ತಾರೆ, ತಪ್ಪು ಜಾಗದ ಒಳ್ಳೆಯ ಫೋಟೋವನ್ನು ವರ್ಷಗಟ್ಟಲೆ ಯಾರೂ ಗುರುತಿಸುವುದಿಲ್ಲ. ಹಿಡಿಯುವ ಉಪಾಯವೊಂದಿದೆ: ದಾಖಲೆಯ ಉದ್ದ ಅಗಲದ ಅನುಪಾತವನ್ನೂ ಕತ್ತರಿಸಿದ ಚಿತ್ರದ ಅನುಪಾತವನ್ನೂ ಯಂತ್ರದಿಂದ ಹೋಲಿಸಿ, ಹೊಂದದವನ್ನಷ್ಟೇ ಕಣ್ಣಿನಿಂದ ನೋಡುವುದು.

ಪೆನ್ನು

ದುರಸ್ತಿ ಮುಗಿಸಿ ಮತ್ತೆ ತೆರೆದ ಮನೆಯಲ್ಲಿ ಪ್ರದರ್ಶನದ ಜಾಗ 60 ಪ್ರತಿಶತ ಹೆಚ್ಚಿತ್ತು. ಬ್ಲೂಮ್‌ಬರ್ಗ್ ಫಿಲಾಂತ್ರೊಪೀಸ್‌ನ ಹಣದಲ್ಲಿ ಬಂದವರಿಗೆಲ್ಲ ಟಿಕೆಟ್ಟಿನ ಜೊತೆ ಒಂದು ದಪ್ಪ ಪೆನ್ನು ಕೊಡುವ ಯೋಜನೆ. ಅದರ ಒಂದು ತುದಿ ಟಚ್‌ಸ್ಕ್ರೀನ್ ಮೇಜಿನ ಮೇಲೆ ಬರೆಯಲು, ಇನ್ನೊಂದು ತುದಿಯಲ್ಲಿ ಹತ್ತಿರ ಹಿಡಿದ ಚಿಪ್ಪನ್ನು ತಂತಿಯಿಲ್ಲದೆ ಓದುವ ಎನ್‌ಎಫ್‌ಸಿ ಓದುಗ. ಪ್ರತಿ ಲೇಬಲ್ಲಿನಲ್ಲಿ ಅಧಿಕ ಚಿಹ್ನೆಯೊಂದು, ಅದರ ಹಿಂದೆ ಎಲೆಕ್ಟ್ರಾನಿಕ್ ಚಿಪ್ಪು, ಚಿಪ್ಪಿನೊಳಗೆ ಆ ಅರ್ಥವಿಲ್ಲದ ಅಂಕಿ. ಪೆನ್ನಿನ ಹಿಂಬದಿ ಒತ್ತಿ ಹಿಡಿದರೆ ಅಂಕಿ ಪೆನ್ನಿನ ನೆನಪಿಗೆ ಇಳಿಯುತ್ತಿತ್ತು. ಮೇಜಿಗೆ ಮುಟ್ಟಿಸಿದಾಗ, ಇಲ್ಲವೇ ಹೋಗುವಾಗ ಪೆನ್ನು ಮರಳಿಸಿದಾಗ, ಆ ಅಂಕಿಗಳು ಸರ್ವರಿಗೆ ಹೋಗುತ್ತಿದ್ದವು. ಮನೆಗೆ ಹೋಗಿ ಟಿಕೆಟ್ಟಿನ ಮೇಲಿನ ಕೋಡ್ ಹಾಕಿದರೆ ತಾವು ಆರಿಸಿದ ವಸ್ತುಗಳೆಲ್ಲ ಪುಟದಲ್ಲಿ ಸಾಲಾಗಿ ಇರುತ್ತಿದ್ದವು. ಖಾತೆ ತೆರೆಯದಿದ್ದರೂ ನಡೆಯುತ್ತಿತ್ತು. ಟಿಕೆಟ್ಟಿನ ಕೋಡೇ ಸಾಕಾಗಿತ್ತು.

ಮೂಲಯಂತ್ರ ಹೊಸದಾಗಿ ಹುಟ್ಟಿದ್ದಲ್ಲ. ಸ್ಪೇನಿನ ಸಿಸ್ಟೆಲ್‌ನೆಟ್‌ವರ್ಕ್ಸ್ ಎಂಬ ಕಂಪನಿಯ ವಿವ್ಯಾಂಡ್ ಎಂಬ ಎನ್‌ಎಫ್‌ಸಿ ದಂಡವನ್ನು ಆಧಾರವಾಗಿ ತೆಗೆದುಕೊಂಡು ಬದಲಿಸಿದರು. ಆದರೂ ಉದ್ಘಾಟನೆಯ ಹೊತ್ತಿಗೆ ಪೆನ್ನು ತಯಾರಾಗಲಿಲ್ಲ. ಡಿಸೆಂಬರಿನಲ್ಲಿ ಮನೆ ತೆರೆಯಿತು, ಪೆನ್ನು ಬಂದದ್ದು 2015ರ ಮಾರ್ಚ್ 10ಕ್ಕೆ. ಪೆನ್ನಿಗಾಗಿ ಬಾಗಿಲನ್ನು ತಡೆಹಿಡಿಯದೇ ಇದ್ದದ್ದು ಸರಿಯಾದ ಕೆಲಸ.

ಹೊರಗಿನವರ ಕಣ್ಣೆಲ್ಲ ಪೆನ್ನಿನ ಮೇಲೆ ಬಿತ್ತು. ಬಲವಿದ್ದದ್ದು ಅದರ ಕೆಳಗೆ. ಸಂಗ್ರಹದ ಮೂಲ ದಾಖಲೆ ಟಿಎಂಎಸ್ ಎಂಬ ಮ್ಯೂಸಿಯಂ ತಂತ್ರಾಂಶದಲ್ಲಿತ್ತು. ಅದರ ಪ್ರತಿಯೊಂದನ್ನು ಹೊರಗಿನ ಡೇಟಾಬೇಸಿಗೆ ಇಳಿಸಿ, ಅದರ ಮೇಲೆ ಒಂದು ಎಪಿಐ, ಅಂದರೆ ಬೇರೆ ತಂತ್ರಾಂಶಗಳು ಮಾಹಿತಿ ಕೇಳಿ ಪಡೆಯುವ ಬಾಗಿಲು. ಜಾಲತಾಣ, ಗ್ಯಾಲರಿಯ ಮೇಜು, ಪೆನ್ನು ಎಲ್ಲವೂ ಕೇಳುತ್ತಿದ್ದದ್ದು ಆ ಎಪಿಐಯನ್ನೇ, ಹೊರಗಿನ ಕಾಲೇಜು ಹುಡುಗನೊಬ್ಬ ಕೇಳುತ್ತಿದ್ದದ್ದೂ ಅದನ್ನೇ. ಹೊರಗಿನವರಿಗೆಂದು ಬೇರೆ ಬಾಗಿಲು ಮಾಡಿದ ಕಡೆಯಲ್ಲೆಲ್ಲ ಆ ಬಾಗಿಲು ಮೊದಲು ತುಕ್ಕು ಹಿಡಿಯುತ್ತದೆ, ಏಕೆಂದರೆ ಅದು ಕೆಟ್ಟರೆ ಒಳಗಿನ ಯಾರಿಗೂ ತೊಂದರೆಯಿಲ್ಲ. ಇಲ್ಲಿ ಅದು ಕೆಟ್ಟರೆ ಗ್ಯಾಲರಿಯ ಮೇಜೇ ಕತ್ತಲಾಗುತ್ತಿತ್ತು. ಸರಿಪಡಿಸಲೇಬೇಕಿತ್ತು.

ಇಂಥ ಏರ್ಪಾಡಿನ ನಿತ್ಯದ ಕಾಟ ಯಾವುದೆಂದರೆ ಲೇಬಲ್ಲು. ಜವಳಿಯನ್ನು ಕೆಲವು ತಿಂಗಳಿಗೆ ಇಳಿಸಿ ಬೇರೆಯದನ್ನು ಹಾಕಬೇಕು. ಕಾಗದ ಬದಲಿಸಿ ಚಿಪ್ಪು ಬದಲಿಸುವುದು ಮರೆತರೆ ಕಣ್ಣೆದುರು ಒಂದು, ಮನೆಗೆ ಹೋದದ್ದು ಇನ್ನೊಂದು. ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಹತ್ತು ವಸ್ತುವಿಗೆ ಒಂದೇ ಲೇಬಲ್ ಇದ್ದರೆ ಯಾವುದನ್ನು ಕೊಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು. ಲೋಹದ ಹಲಗೆಗೆ ನೇರವಾಗಿ ಅಂಟಿಸಿದ ಚಿಪ್ಪು ಓದಿಸಿಕೊಳ್ಳುವುದೇ ಇಲ್ಲ, ನಡುವೆ ತಡೆಪದರ ಬೇಕು.

ಕೋಡನ್ನು ಸಂಗ್ರಹಿಸುವುದು

2013ರ ಆಗಸ್ಟಿನಲ್ಲಿ ಮ್ಯೂಸಿಯಂ ಮೊದಲ ಬಾರಿಗೆ ತಂತ್ರಾಂಶವೊಂದನ್ನು ಸಂಗ್ರಹಕ್ಕೆ ಸೇರಿಸಿಕೊಂಡಿತು. ಪ್ಲಾನೆಟರಿ ಎಂಬ ಐಪ್ಯಾಡ್ ಆ್ಯಪ್, ಬ್ಲೂಮ್ ಸ್ಟುಡಿಯೋದ್ದು. ನಿಮ್ಮ ಬಳಿ ಇರುವ ಹಾಡುಗಳನ್ನು ಅದು ಆಕಾಶವಾಗಿ ತೋರಿಸುತ್ತಿತ್ತು: ಗಾಯಕರು ನಕ್ಷತ್ರ, ಆಲ್ಬಂಗಳು ಗ್ರಹ, ಹಾಡುಗಳು ಉಪಗ್ರಹ. ಐಪ್ಯಾಡ್ ಒಂದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಕೆಲವೇ ವರ್ಷದಲ್ಲಿ ಬ್ಯಾಟರಿ ಉಬ್ಬುತ್ತದೆ, ಉಳಿಯುವುದು ಗಾಜಿನ ಹಲಗೆ. ಅದಕ್ಕೆ ಅವರು ಮೂಲ ಕೋಡನ್ನೇ ಆವೃತ್ತಿಗಳ ಚರಿತ್ರೆ ಸಮೇತ ಪಡೆದು ಗಿಟ್‌ಹಬ್‌ನಲ್ಲಿ ಮುಕ್ತ ಪರವಾನಗಿಯಡಿ ಇಟ್ಟರು. ಜೊತೆಗೆ ಇಡೀ ಕೋಡನ್ನು ಯಂತ್ರವೂ ಮನುಷ್ಯನೂ ಓದಬಲ್ಲ ಓಸಿಆರ್-ಎ ಅಕ್ಷರದಲ್ಲಿ, ಬಾಳಿಕೆ ಬರುವ ಕಾಗದದ ಮೇಲೆ ಮುದ್ರಿಸಿ ತೆಗೆದಿಟ್ಟರು. ಕಾಗದ ಉಳಿಸುವ ವಿದ್ಯೆ ಈ ಮನೆಗೆ ನೂರು ವರ್ಷದಿಂದ ಗೊತ್ತಿದೆ. 1917ರಲ್ಲಿ ಚರ್ಚ್‌ನ ಸ್ಕೆಚ್ಚುಗಳನ್ನು ತೆಗೆದುಕೊಂಡದ್ದೂ ಇದೇ ಬುದ್ಧಿ: ಮುಗಿದದ್ದಕ್ಕಿಂತ, ಆದದ್ದು ಹೇಗೆಂದು ಹೇಳುವ ಹಾಳೆ.

ಅದೇ ಧಾಟಿಯಲ್ಲಿ 2014ರಲ್ಲಿ ಮ್ಯೂಸಿಯಂ ತನಗಾಗಿ ಚೆಸ್ಟರ್ ಜೆಂಕಿನ್ಸ್ ಅವರಿಂದ ಬರೆಸಿದ ಅಕ್ಷರಶೈಲಿಯನ್ನೂ ಎಲ್ಲರಿಗೂ ಉಚಿತವಾಗಿ ಬಿಟ್ಟಿತು.

ಹಂಚಿಕೆ ಎಲ್ಲಿ ನಿಲ್ಲುತ್ತದೆ

2020ರ ಫೆಬ್ರವರಿಯಲ್ಲಿ ಸ್ಮಿತ್‌ಸೋನಿಯನ್ ತನ್ನೆಲ್ಲ ಮ್ಯೂಸಿಯಂಗಳಿಂದ 28 ಲಕ್ಷ ಚಿತ್ರಗಳನ್ನು ಸಿಸಿ ಝೀರೋ ಅಡಿಯಲ್ಲಿ ಬಿಟ್ಟಿತು. ಕೂಪರ್ ಹ್ಯೂಯಿಟ್‌ನ ಹಳೆಯ ಕಸೂತಿ, ರೇಖಾಚಿತ್ರ, ಗೋಡೆಕಾಗದಗಳಲ್ಲಿ ಬಹಳಷ್ಟನ್ನು ಈಗ ಯಾರು ಬೇಕಾದರೂ ಇಳಿಸಿಕೊಂಡು ಸೀರೆಗೆ ಅಚ್ಚು ಹಾಕಬಹುದು. ಇಪ್ಪತ್ತನೇ ಶತಮಾನದ ನಡುವಿಂದ ಈಚಿನದಕ್ಕೆ ಮಾತ್ರ ಇದು ದಾಟುವುದಿಲ್ಲ. ವಿನ್ಯಾಸಕರು ಬದುಕಿದ್ದಾರೆ ಅಥವಾ ಹಕ್ಕು ಕಂಪನಿಯ ಕೈಯಲ್ಲಿದೆ. ವಿವರ ಮುಕ್ತ, ಚಿತ್ರ ಮುಕ್ತವಲ್ಲ. ಹಾಗಾಗಿ ತೆರೆದ ಸಂಗ್ರಹವನ್ನು ನೋಡಿ ವಿನ್ಯಾಸವೆಂದರೆ ಹಳೆಯದು ಎಂದುಕೊಳ್ಳುವ ಅಪಾಯ ಇದ್ದೇ ಇದೆ. ಅದು ಕಾನೂನು ಕೊಯ್ದ ಚಿತ್ರ, ಸಂಗ್ರಹದ ಚಿತ್ರವಲ್ಲ.

ಕನ್ನಡದವರಿಗೆ ಇದರಲ್ಲಿ ಕೈಹಾಕುವ ಜಾಗ ಒಂದಿದೆ. ವಿಕಿಪೀಡಿಯದ ಬಳಗದ ಮುಕ್ತ ಮಾಹಿತಿ ಕಣಜವಾದ ವಿಕಿಡೇಟಾ ಕೂಡ ಸಿಸಿ ಝೀರೋ ಅಡಿಯದೇ, ಮತ್ತು ಅಲ್ಲಿ ಕೂಪರ್ ಹ್ಯೂಯಿಟ್‌ನ ವ್ಯಕ್ತಿ ಸಂಖ್ಯೆಗೆಂದೇ ಒಂದು ಗುಣ (ಪ್ರಾಪರ್ಟಿ, ಅಂದರೆ ನಮೂದಿನ ಒಂದು ಕಲಂ) ಇದೆ. ಎರಡೂ ಕಡೆ ಪರವಾನಗಿ ಒಂದೇ ಆದ್ದರಿಂದ ಯಾರನ್ನೂ ಕೇಳದೆ ಕೆಲಸ ಶುರುಮಾಡಬಹುದು. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ವಿನ್ಯಾಸಕರ ನಮೂದು ತೆರೆದು, ಲೇಬಲ್ ಕಲಂನಲ್ಲಿ ಹೆಸರು ಕನ್ನಡದಲ್ಲಿ, ಅದರ ಕೆಳಗಿನ ವಿವರಣೆಯಲ್ಲಿ ನಾಲ್ಕೈದು ಪದ, ಅಲಿಯಾಸ್ ಕಲಂನಲ್ಲಿ ಜನ ಬಳಸುವ ಉಳಿದ ಕಾಗುಣಿತಗಳು. ವಸ್ತುಬಗೆಗಳಿಗೂ ಇದನ್ನೇ ಮಾಡಬೇಕು, ಅಲ್ಲಿಯೇ ಹೆಚ್ಚು ಎಚ್ಚರ: ಎಂಬ್ರಾಯ್ಡರಿಯ ನಮೂದಿಗೆ ಕಸೂತಿ ಎಂದು ಹಾಕುವ ಮೊದಲು, ಧಾರವಾಡ ಸೀಮೆಯ ಎಳೆ ಎಣಿಸಿ ಹಾಕುವ ಕಸೂತಿಗೆ ಪ್ರತ್ಯೇಕ ನಮೂದು ಇದೆಯೇ ನೋಡಿ, ಎರಡನ್ನೂ ಬೇರೆ ಬೇರೆ ಸಂಖ್ಯೆಯಲ್ಲೇ ಉಳಿಸಬೇಕು.